ಬಲಾಢ್ಯರ ದಂಡಯಾತ್ರೆಯನ್ನು ತಡೆಯುವ ಬಗೆ: ಕಿತ್ತೂರು, ಖಾನಾಪುರ ಮತ್ತು ಆಚೆಗೆ

ದೊಡ್ಡ ಸೈನ್ಯವುಳ್ಳ ರಾಜ್ಯವೊಂದು ಪಕ್ಕದ ಸಣ್ಣ ರಾಜ್ಯದ ಮೇಲೆ ಏರಿ ಬರದಂತೆ, ಯುದ್ಧಕ್ಕೆ ಮೊದಲೇ ಅದರ ಮನಸ್ಸನ್ನು ತಿರುಗಿಸುವ ನೀತಿಗೆ ರಕ್ಷಣಾಶಾಸ್ತ್ರದಲ್ಲಿ ನಿರೋಧ ಎಂದು ಹೆಸರು. ಬಂದವನನ್ನು ಹೊಡೆದಟ್ಟುವುದು ರಕ್ಷಣೆ. ಬರುವ ಯೋಚನೆಯನ್ನೇ ಅವನು ಕೈಬಿಡುವಂತೆ ಮಾಡುವುದು ನಿರೋಧ. ಇದಕ್ಕೆ ಎರಡು ದಾರಿಗಳಿವೆ. ಗೆಲುವು ಕೈಗೂಡುವುದಿಲ್ಲ ಎಂದು ಎದುರಾಳಿಗೆ ಮನವರಿಕೆ ಮಾಡಿಕೊಡುವುದು ಒಂದು. ಕೋಟೆ, ಕಂದಕ, ಗುಡ್ಡಗಾಡು, ಪಳಗಿದ ಜನ ಇವೆಲ್ಲ ಆ ದಾರಿಯ ಸಾಧನಗಳು. ಗೆದ್ದರೂ ತೆರಬೇಕಾದ ಬೆಲೆ ಗೆಲುವಿಗಿಂತ ದೊಡ್ಡದು ಎಂದು ತೋರಿಸುವುದು ಇನ್ನೊಂದು. ಮಿತ್ರರ ಮರುದಾಳಿ, ವ್ಯಾಪಾರ ದಿಗ್ಬಂಧನ, ಅಣ್ವಸ್ತ್ರ ಈ ಸಾಲಿಗೆ ಸೇರುತ್ತವೆ. ಗ್ಲೆನ್ ಸ್ನೈಡರ್, ಥಾಮಸ್ ಶೆಲ್ಲಿಂಗ್ ಮೊದಲಾದ ಅಮೆರಿಕದ ವಿದ್ವಾಂಸರು 1960ರ ಆಸುಪಾಸಿನಲ್ಲಿ ಈ ವಿಚಾರಕ್ಕೆ ಶಾಸ್ತ್ರದ ರೂಪ ಕೊಟ್ಟರು. ಅದರ ಹಿಂದಿನ ಅನುಭವ ಸಾವಿರಾರು ವರ್ಷ ಹಳೆಯದು.

ಕನ್ನಡ ನಾಡಿನಲ್ಲಿ ಈ ವಿಷಯವನ್ನು ನೆಲದ ಮೇಲೆ ನಿಂತು ನೋಡಲು ಬೆಳಗಾವಿ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. ಬೆಳಗಾವಿಯ ಕಿಲ್ಲೆ, ಖಾನಾಪುರ ತಾಲ್ಲೂಕಿನ ಭೀಮಗಡ, ನಂದಗಡದ ಆಲದಮರ, ಕಿತ್ತೂರಿನ ಪಾಳುಬಿದ್ದ ವಾಡೆ, ಗೋವಾದ ಗಡಿಗೆ ಇಳಿಯುವ ಘಟ್ಟದ ದಾರಿಗಳು ಒಂದೇ ದಿನದ ಪ್ರಯಾಣದಲ್ಲಿ ಸಿಗುತ್ತವೆ. ಇವುಗಳ ನಡುವೆ ಅತಿ ಮುಖ್ಯವಾದದ್ದು 1824ರ ಕಿತ್ತೂರಿನ ಪ್ರಕರಣ. ಇಂದಿನ ಅನೇಕ ಸಣ್ಣ ದೇಶಗಳಂತೆ ಕಿತ್ತೂರು ಪ್ರಜಾಪ್ರಭುತ್ವವಾಗಿರಲಿಲ್ಲ, ಅದು ದೇಸಾಯಿ ಮನೆತನ ಆಳುವ ದೇಸಗತಿ. ಆದರೂ ಸಣ್ಣ ರಾಜ್ಯವೊಂದು ಒಪ್ಪಂದ, ಪತ್ರ, ಕೋಟೆ, ಒತ್ತೆಯಾಳು, ಜನಬಲ ಎಲ್ಲವನ್ನೂ ಬಳಸಿ ಜಗತ್ತಿನ ಅಂದಿನ ಮಹಾಶಕ್ತಿಯನ್ನು ಹೊರಗಿಡಲು ಹೇಗೆ ಹೆಣಗಿತು, ಎಲ್ಲಿ ಎಡವಿತು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ದಕ್ಷಿಣ ಭಾರತದಲ್ಲಿ ಅಪರೂಪ. ಎದುರಾಳಿಗೆ ಮುಂಚಿತವಾಗಿ ಕಾಣದ ಬಲ ಅವನನ್ನು ತಡೆಯಲಾರದು ಎಂಬುದೇ ಕಿತ್ತೂರಿನ ಕಥೆಯ ತಿರುಳು. ಇಂದಿನ ಉಕ್ರೇನಿನ ಕಥೆಯಲ್ಲೂ ಅದೇ ಎದ್ದು ಕಾಣುತ್ತದೆ.

ಅರ್ಥಶಾಸ್ತ್ರದ ದುರ್ಬಲ ರಾಜ

ಈ ವಿಷಯದ ಅತಿ ಹಳೆಯ ವ್ಯವಸ್ಥಿತ ಚರ್ಚೆಗಳಲ್ಲಿ ಒಂದು ಬೆಳಕಿಗೆ ಬಂದದ್ದು ಕರ್ನಾಟಕದಲ್ಲೇ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು. ಅವರು 1909ರಲ್ಲಿ ಅದನ್ನು ಅಚ್ಚುಹಾಕಿಸಿದರು. ಗ್ರಂಥದ ಹನ್ನೆರಡನೆಯ ಅಧಿಕರಣ ಇಡಿಯಾಗಿ ಪ್ರಬಲನ ಎದುರು ಸಿಕ್ಕಿಬಿದ್ದ ದುರ್ಬಲ ರಾಜನಿಗೆ ಮೀಸಲು. ಬೆತ್ತದ ಹಾಗೆ ಬಾಗಿಬಿಡಬೇಕು ಎಂಬುದು ಭಾರದ್ವಾಜನ ಪಕ್ಷ. ಇದ್ದಬದ್ದ ಬಲವನ್ನೆಲ್ಲ ಒಟ್ಟುಗೂಡಿಸಿ ಕಾದಾಡಬೇಕು, ಅದೇ ಕ್ಷತ್ರಿಯನ ಧರ್ಮ ಎಂಬುದು ವಿಶಾಲಾಕ್ಷನ ಪಕ್ಷ. ಕೌಟಿಲ್ಯ ಎರಡನ್ನೂ ಒಪ್ಪುವುದಿಲ್ಲ. ಎಲ್ಲರಿಗೂ ಬಾಗುವವನ ಬದುಕಿಗೆ ಭರವಸೆ ಉಳಿಯುವುದಿಲ್ಲ. ಅಲ್ಪ ಸೈನ್ಯದೊಂದಿಗೆ ನುಗ್ಗುವವನು ಮುಳುಗುತ್ತಾನೆ. ಆದ್ದರಿಂದ ಇನ್ನೂ ಬಲಿಷ್ಠನಾದ ರಾಜನ ಆಶ್ರಯವನ್ನೋ ಶತ್ರುವಿಗೆ ಜಗ್ಗದ ದುರ್ಗವನ್ನೋ ಹಿಡಿಯಬೇಕು ಎನ್ನುತ್ತಾನೆ.

ದಂಡೆತ್ತಿ ಬರುವವರಲ್ಲಿಯೂ ಅವನು ಮೂರು ಬಗೆ ಕಾಣುತ್ತಾನೆ. ಶರಣಾದರೆ ಸಾಕೆನ್ನುವವನು ಧರ್ಮವಿಜಯಿ, ನೆಲ ಮತ್ತು ಹಣ ಸಿಕ್ಕರೆ ತೃಪ್ತನಾಗುವವನು ಲೋಭವಿಜಯಿ, ನೆಲ ಹಣದ ಜೊತೆಗೆ ಮಕ್ಕಳು ಮಡದಿಯರನ್ನೂ ಪ್ರಾಣವನ್ನೂ ಬಯಸುವವನು ಅಸುರವಿಜಯಿ. ಎದುರಿಗಿರುವವನು ಈ ಮೂವರಲ್ಲಿ ಯಾರು ಎಂದು ಗುರುತಿಸುವುದೇ ನಿರೋಧದ ಮೊದಲ ಕೆಲಸ. ಲೋಭಿಗೆ ಕಪ್ಪ ಕೊಟ್ಟು ಕಳಿಸಬಹುದು, ಪೂರ್ತಿ ನುಂಗಲು ಬಂದವನಿಗೆ ಕಪ್ಪ ಕೊಟ್ಟರೆ ಅವನ ಹಸಿವು ಹೆಚ್ಚುತ್ತದೆ. ಈ ಗುರುತಿಸುವಿಕೆಯಲ್ಲಿ ತಪ್ಪಿದ ರಾಜ್ಯಗಳ ಪಟ್ಟಿ ಉದ್ದವಾಗಿದೆ.

ಇನ್ನೊಂದು ಚರ್ಚೆಯನ್ನೂ ಇಲ್ಲಿ ನೆನೆಯಬೇಕು. ಒಪ್ಪಂದ ಗಟ್ಟಿಯಾಗಿ ನಿಲ್ಲುವುದು ಕೊಟ್ಟ ಮಾತಿನಿಂದಲೋ ಒತ್ತೆಯಾಳಿನಿಂದಲೋ ಎಂಬ ಪ್ರಶ್ನೆ ಏಳನೆಯ ಅಧಿಕರಣದಲ್ಲಿ ಬರುತ್ತದೆ. ಹಿಂದಿನ ಆಚಾರ್ಯರು ಮಾತು, ಆಣೆಗಳು ಚಂಚಲ, ಒತ್ತೆಯೇ ಗಟ್ಟಿ ಎಂದಿದ್ದರು. ಕೌಟಿಲ್ಯ ಅದನ್ನು ತಿರಸ್ಕರಿಸಿ, ಮಾತು ಮತ್ತು ಆಣೆ ಇಹಪರಗಳೆರಡರಲ್ಲೂ ಕಟ್ಟಿಹಾಕುತ್ತವೆ, ಒತ್ತೆಗೆ ಇಲ್ಲಿಯ ಬೆಲೆ ಮಾತ್ರ ಎಂದ. ಪರಲೋಕದ ಭಯವುಳ್ಳ ರಾಜರ ಕಾಲಕ್ಕೆ ಅದು ಒಪ್ಪುವ ಮಾತು. 1824ರಲ್ಲಿ ಕಿತ್ತೂರಿನ ಎದುರಿಗಿದ್ದದ್ದು ಲಂಡನ್ನಿನ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಈಸ್ಟ್ ಇಂಡಿಯಾ ಕಂಪನಿ.

ಮೂವರು ಒಡೆಯರ ನಡುವೆ

ಹದಿನಾರನೆಯ ಶತಮಾನದ ಕೊನೆಯಲ್ಲಿ ಸಾಗರದ ಕಡೆಯಿಂದ ಬಂದ ಹಿರೇಮಲ್ಲ, ಚಿಕ್ಕಮಲ್ಲ ಎಂಬ ಸೋದರರು ಬಿಜಾಪುರದ ಆದಿಲಶಾಹಿಯ ಸೇವೆಯಲ್ಲಿದ್ದು ಕಿತ್ತೂರಿನ ದೇಸಗತಿಯನ್ನು ಪಡೆದರು. ಮಲಪ್ರಭೆಯ ಎರೆಮಣ್ಣಿನ ಬಯಲಿಗೂ ಸಹ್ಯಾದ್ರಿಯ ಕಾಡಿಗೂ ನಡುವೆ ಇದ್ದ ಈ ಸಣ್ಣ ಸಂಸ್ಥಾನ ಯಾವ ಕಾಲದಲ್ಲೂ ಒಬ್ಬ ದೊಡ್ಡವನ ನೆರಳಿನಲ್ಲೇ ಬದುಕಿತು. ಮಲ್ಲಸರ್ಜ ದೇಸಾಯಿಯ ಆಳ್ವಿಕೆಯಲ್ಲಿ (1782–1816) ಈ ಸ್ಥಿತಿ ಅತ್ಯಂತ ಬಿಗಡಾಯಿಸಿತು. ದಕ್ಷಿಣದಿಂದ ಟಿಪ್ಪು, ಉತ್ತರದಿಂದ ಪೇಶ್ವೆ. ಟಿಪ್ಪುವಿನ ಸೆರೆಯಲ್ಲಿ ಕಬ್ಬಾಳದುರ್ಗದಲ್ಲಿದ್ದ ಮಲ್ಲಸರ್ಜ ಅಲ್ಲಿಂದ ತಪ್ಪಿಸಿಕೊಂಡು ಬಂದ. 1809ರಲ್ಲಿ ಪೇಶ್ವೆ ಎರಡನೆಯ ಬಾಜೀರಾಯನೊಡನೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 1,75,000 ರೂಪಾಯಿ ಕಾಣಿಕೆ ಕೊಡಲು ಒಪ್ಪಿದ. ಅದರಿಂದಲೂ ನೆಮ್ಮದಿ ಸಿಗಲಿಲ್ಲ. ಪೇಶ್ವೆ ಅವನನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟ. ಬಿಡುಗಡೆಯಾಗಿ ಬಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ.

ಅವನ ಮಗ ಶಿವಲಿಂಗರುದ್ರಸರ್ಜ ಹತ್ತಿರದ ಒಡೆಯನ ಕಾಟ ತಪ್ಪಿಸಿಕೊಳ್ಳಲು ದೂರದ ಒಡೆಯನನ್ನು ಆರಿಸಿಕೊಂಡ. 1818ರಲ್ಲಿ ಮೂರನೆಯ ಆಂಗ್ಲ–ಮರಾಠ ಯುದ್ಧದಲ್ಲಿ ಕಂಪನಿಯ ಥಾಮಸ್ ಮನ್ರೋ ಪೇಶ್ವೆಯವರ ವಶದಲ್ಲಿದ್ದ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಕಂಪನಿಗೆ ನೆರವಾಯಿತು. ಆಳವಾದ ಕಂದಕದ ಆ ಕೋಟೆ 1818ರ ಏಪ್ರಿಲ್‌ನಲ್ಲಿ ಶರಣಾಯಿತು. ಪ್ರತಿಫಲವಾಗಿ ಕಿತ್ತೂರಿನ ದೇಸಗತಿಯನ್ನು ಕಂಪನಿ ಸನ್ನದಿನ ಮೂಲಕ ಮಾನ್ಯ ಮಾಡಿತು. ಕಾಣಿಕೆ ಮಾತ್ರ ಮುಂದುವರಿಯಿತು. ಕೌಟಿಲ್ಯನ ಸಲಹೆಯನ್ನು ಅಕ್ಷರಶಃ ಪಾಲಿಸಿದ ಹಾಗೆ ಇದು ಕಾಣುತ್ತದೆ. ಆದರೆ ಆಶ್ರಯ ನೀತಿಗೆ ಒಂದು ಷರತ್ತು ಇದೆ, ಆಶ್ರಯ ಕೊಟ್ಟವನನ್ನು ಹದ್ದಿನಲ್ಲಿಡಲು ಇನ್ನೊಬ್ಬ ಬಲಿಷ್ಠ ಉಳಿದಿರಬೇಕು. ಟಿಪ್ಪು 1799ರಲ್ಲೇ ಹೋಗಿದ್ದ. ಪೇಶ್ವಾಯಿ 1818ರಲ್ಲಿ ಮುಗಿಯಿತು, ಅದನ್ನು ಮುಗಿಸಲು ಕಿತ್ತೂರೇ ಕೈಜೋಡಿಸಿತ್ತು. ಆಮೇಲೆ ಕಂಪನಿ ತನ್ನ ಮಾತಿಗೆ ತಪ್ಪಿದರೆ ಕೇಳುವವರು ಯಾರೂ ಉಳಿಯಲಿಲ್ಲ. ಈ ಲೇಖಕನ ಮಟ್ಟಿಗೆ ಕಿತ್ತೂರಿನ ಸೋಲು 1824ರಲ್ಲಿ ಶುರುವಾದದ್ದಲ್ಲ, ಬೆಳಗಾವಿ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿದ ದಿನವೇ ಅದರ ಬೀಜ ಬಿದ್ದಿತ್ತು.

1824ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಅವನು ಸಾಯುವ ಹೊತ್ತಿಗೆ ಮಾಸ್ತಮರಡಿಯ ಗೌಡರ ಮನೆತನದ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಮತ್ತು ರಾಜಕೀಯ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಕಂಪನಿಯ ಅಪ್ಪಣೆ ಇಲ್ಲದೆ ದತ್ತಕ ನಡೆದಿದೆ, ಪತ್ರದ ಸಹಿಯೇ ಅನುಮಾನಾಸ್ಪದ ಎಂಬುದು ಅವನ ವಾದ. ವಾರಸುದಾರನಿಲ್ಲದ ಸಂಸ್ಥಾನವನ್ನು ನುಂಗಿಹಾಕುವ ಈ ಪದ್ಧತಿಗೆ ಗವರ್ನರ್ ಜನರಲ್ ಡಾಲ್‌ಹೌಸಿಯ ಹೆಸರು ಅಂಟಿಕೊಂಡದ್ದು 1848ರ ನಂತರ. ಕಿತ್ತೂರು ಅದರ ರುಚಿಯನ್ನು ಕಾಲು ಶತಮಾನ ಮುಂಚೆಯೇ ಕಂಡಿತು.

ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಬೆಳಗಾವಿಯ ಉತ್ತರಕ್ಕಿರುವ ಕಾಕತಿಯ ದೇಸಾಯಿಗಳ ಮಗಳು. ಸಂಸ್ಥಾನದ ಹೊಣೆ ಅವಳ ಹೆಗಲಿಗೆ ಬಿತ್ತು. ಅವಳು ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಲೇಖಣಿಯನ್ನು. ಪುಣೆಯಲ್ಲಿದ್ದ ಕಮಿಷನರ್ ವಿಲಿಯಂ ಚಾಪ್ಲಿನ್‌ಗೆ, ಮೇಲಧಿಕಾರಿಗಳಿಗೆ ಪತ್ರಗಳು ಹೋದವು. ಕಿತ್ತೂರಿನ ವಾದದಲ್ಲಿ ಗೊಂದಲವಿರಲಿಲ್ಲ: ಕಾಣಿಕೆ ಕೊಡುತ್ತಿದ್ದೇವೆ, ಬೆಳಗಾವಿಯಲ್ಲಿ ನಿಮಗೆ ನೆರವಾಗಿದ್ದೇವೆ, ದತ್ತಕ ನಮ್ಮ ಮನೆತನದ ಹಕ್ಕು. ಕಾನೂನಿನ ದೃಷ್ಟಿಯಿಂದ ಇದು ಬಲವಾದ ವಾದ. ಆದರೆ ತೀರ್ಪು ಕೊಡುವವನೂ ಎದುರುವಾದಿಯೂ ಒಬ್ಬನೇ ಆಗಿದ್ದರೆ ವಾದದ ಬಲ ಏನು ಮಾಡೀತು?

ಥ್ಯಾಕರೆ ಖಜಾನೆಗೆ ಮೊಹರು ಹಾಕಿ ಕಾವಲಿಟ್ಟ, ತನ್ನ ಮಾತು ಕೇಳುವವರನ್ನು ಆಡಳಿತಕ್ಕೆ ನೇಮಿಸಿದ. ಅಕ್ಟೋಬರಿನಲ್ಲಿ ಮದ್ರಾಸ್ ಸೇನೆಯ ಕುದುರೆ ತೋಪಿನ ದಳದೊಂದಿಗೆ ಕಿತ್ತೂರಿಗೆ ಬಂದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯದಿದ್ದರೆ ತೋಪಿನಿಂದ ಒಡೆಯುತ್ತೇನೆ ಎಂದು ಅವನು ಬೆದರಿಸಿ ಅಲ್ಪ ಗಡುವು ಕೊಟ್ಟ. ಬಾಗಿಲು ತೆರೆಯಿತು, ತೆರೆದದ್ದು ಒಳಗಿನ ಸೈನ್ಯ ಹೊರನುಗ್ಗಲು. ಥ್ಯಾಕರೆ ಸತ್ತ. ಅವನನ್ನು ಗುಂಡಿಟ್ಟು ಕೊಂದವನು ಅಮಟೂರು ಬಾಳಪ್ಪ ಎಂದು ಜನ ಹೇಳುತ್ತಾರೆ. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟರಾದ ಸ್ಯೂವೆಲ್ ಮತ್ತು ಡೈಟನ್ ಕೂಡ ಅಲ್ಲೇ ಬಿದ್ದರು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಸೆರೆಸಿಕ್ಕರು.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಬೇಕು. ಇಷ್ಟು ಕಾದಾಡಬಲ್ಲ ಜನ ಕೋಟೆಯೊಳಗಿದ್ದಾರೆಂದು ಗೊತ್ತಿದ್ದರೆ ಥ್ಯಾಕರೆ ಅಷ್ಟು ಚಿಕ್ಕ ಪಡೆಯೊಂದಿಗೆ ಬರುತ್ತಿದ್ದನೆ? ಗಡುವು ಕೊಡುತ್ತಿದ್ದನೆ? ಕಿತ್ತೂರು ಕಾಣಿಕೆ ಕೊಡುವ, ಪತ್ರ ಬರೆಯುವ ಸಂಸ್ಥಾನವಾಗಿಯೇ ಅವನಿಗೆ ಕಂಡಿತ್ತು. ಅದರ ಹಳ್ಳಿ ಹಳ್ಳಿಯಲ್ಲಿ ಸಂಸ್ಥಾನದ ಸೇವೆಗೆ ಪ್ರತಿಯಾಗಿ ಹೊಲ ಉಂಬಳಿ ಪಡೆದ ಶೇತಸನದಿಗಳಿದ್ದರು. ಅವರು ಬಿತ್ತನೆ ಕಾಲಕ್ಕೆ ರೈತರು, ಕರೆ ಬಂದರೆ ಸಿಪಾಯಿಗಳು. ಇದು ಸಂಬಳವಿಲ್ಲದ, ಮನೆಮನೆಗೆ ಹಂಚಿಹೋದ ಸೈನ್ಯ. ಪರೇಡು ಇಲ್ಲ, ಲೆಕ್ಕದ ಪುಸ್ತಕದಲ್ಲಿ ಸಾಲುಗಟ್ಟಿ ಕಾಣುವುದಿಲ್ಲ. ಧಾರವಾಡದ ಕಚೇರಿಯಲ್ಲಿ ಕೂತವನಿಗೆ ಕಂದಾಯದ ಅಂಕಿಗಳು ಕಂಡವು, ಈ ಜನ ಕಾಣಲಿಲ್ಲ. ಅವನ ತಿರಸ್ಕಾರದ ಬೆಲೆಯನ್ನು ಅವನೂ ತೆತ್ತ, ಕಿತ್ತೂರೂ ತೆತ್ತಿತು. ಗೆಲುವಿನ ಮಾರನೆಯ ದಿನದಿಂದ ಕಂಪನಿಗೆ ಕಿತ್ತೂರು ಎಂದರೆ ವಾರಸಾ ಜಗಳವಾಗಿ ಉಳಿಯಲಿಲ್ಲ, ಕಲೆಕ್ಟರನನ್ನು ಕೊಂದ ಊರಾಯಿತು.

ಆ ವರ್ಷದ ಸಂದರ್ಭವೂ ಕಿತ್ತೂರಿಗೆ ಪ್ರತಿಕೂಲವಾಗಿತ್ತು. ಕಂಪನಿ 1824ರ ಮಾರ್ಚಿನಿಂದ ಬರ್ಮಾದೊಡನೆ ದುಬಾರಿ ಯುದ್ಧದಲ್ಲಿ ಸಿಲುಕಿತ್ತು. ನವೆಂಬರ್ 2ರಂದು ಬಂಗಾಳದ ಬ್ಯಾರಕ್‌ಪುರದಲ್ಲಿ ಸಿಪಾಯಿಗಳ ದಂಗೆ ಎದ್ದು, ಅದನ್ನು ತೋಪು ಹಾರಿಸಿ ಅಡಗಿಸಲಾಯಿತು. ಎದುರಾಳಿ ಬೇರೆಡೆ ಸಿಕ್ಕಿಕೊಂಡಿರುವಾಗ ಸಣ್ಣವನಿಗೆ ಅವಕಾಶ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಡೆದದ್ದು ತದ್ವಿರುದ್ಧ. ಬೆರಳೆಣಿಕೆಯ ಗೋರರು ಕೋಟಿಗಟ್ಟಲೆ ಜನರನ್ನು ಆಳುತ್ತಿದ್ದದ್ದು ಸೋಲರಿಯದವರು ಎಂಬ ಹೆಸರಿನ ಬಲದಿಂದ. ಆ ಹೆಸರಿಗೆ ಒಂದು ಕಡೆ ಕುಂದು ಬಂದರೆ ಎಲ್ಲ ಕಡೆಯೂ ಬರುತ್ತದೆಂಬ ಭಯ ಅವರಿಗೆ ಬರ್ಮಾದ ಸೈನ್ಯದ ಭಯಕ್ಕಿಂತ ಹೆಚ್ಚಾಗಿತ್ತು. ದೊಡ್ಡ ಶಕ್ತಿಯೊಂದು ತನ್ನ ಮಾನ ಪಣಕ್ಕಿದೆ ಎಂದುಕೊಂಡ ಮೇಲೆ ಲಾಭನಷ್ಟದ ಲೆಕ್ಕ ಅದನ್ನು ತಡೆಯುವುದು ಕಷ್ಟ.

ಕಿತ್ತೂರಿನ ಕೈಯಲ್ಲಿ ಆಗ ಉಳಿದಿದ್ದ ನಿಜವಾದ ತಡೆ ಎಂದರೆ ಆ ಇಬ್ಬರು ಸೆರೆಯಾಳುಗಳು. ಚೆನ್ನಮ್ಮ ಅವರನ್ನು ಚೆನ್ನಾಗಿ ನಡೆಸಿಕೊಂಡಳು. ಆ ಇಬ್ಬರಲ್ಲಿ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ಸಂಗ್ರಹಿಸಿದ ವಿದ್ವಾಂಸನಾದ. ಕಿತ್ತೂರಿನವರು ಕೈಮಾಡಿದ್ದರೆ ಕನ್ನಡ ಶಾಸನಶಾಸ್ತ್ರದ ಮೊದಲ ಅಧ್ಯಾಯವೇ ಇರುತ್ತಿರಲಿಲ್ಲ. ಸೆರೆಯಾಳುಗಳಿಗೆ ಕೇಡು ಮಾಡುವ ಮನಸ್ಸು ಅವಳಿಗಿರಲಿಲ್ಲ ಎಂಬುದು ಅವಳ ದೊಡ್ಡತನ. ಒತ್ತೆಯಾಳು ತಂತ್ರದ ದೌರ್ಬಲ್ಯವೂ ಅದೇ. ಕೇಡು ಮಾಡುವುದಿಲ್ಲ ಎಂದು ಎದುರಾಳಿಗೆ ತಿಳಿದರೆ ಒತ್ತೆಗೆ ಬೆಲೆಯಿಲ್ಲ. ಕೇಡು ಮಾಡಿದರೆ ಒತ್ತೆಯೇ ಉಳಿಯುವುದಿಲ್ಲ. ಆದರೂ ಅವರು ಕೋಟೆಯಲ್ಲಿರುವ ತನಕ ಚಾಪ್ಲಿನ್‌ಗೆ ತೋಪು ಹಾರಿಸಲು ಹಿಂಜರಿಕೆ ಇತ್ತು. ಮಾತುಕತೆ ನಡೆಯಿತು, ನವೆಂಬರ್ ತಿಂಗಳು ಕಳೆಯಿತು. ಅಷ್ಟರಲ್ಲಿ ಸುತ್ತಲಿನ ಠಾಣ್ಯಗಳಿಂದ ಸೈನ್ಯ ಬಂದು ಸೇರಿತು.

ಡಿಸೆಂಬರ್ ಮೊದಲ ದಿನಗಳಲ್ಲಿ, ಕದನ ನಿಲ್ಲುತ್ತದೆ ಎಂಬ ತಿಳಿವಳಿಕೆಯ ಮೇಲೆ, ಸೆರೆಯಾಳುಗಳನ್ನು ಬಿಟ್ಟುಕೊಡಲಾಯಿತು. ಬೆನ್ನಿಗೇ ಲೆಫ್ಟಿನೆಂಟ್ ಕರ್ನಲ್ ಡೀಕನ್ನನ ಮುಂದಾಳುತನದಲ್ಲಿ ದಾಳಿ ಶುರುವಾಯಿತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಎಂಬವನು, ಮದ್ರಾಸ್ ಗವರ್ನರ್ ಥಾಮಸ್ ಮನ್ರೋನ ಸಂಬಂಧಿ, ಈ ಹೋರಾಟದಲ್ಲಿ ಸತ್ತ. ಕೋಟೆಯ ಗೋಡೆ ಒಡೆದು ಡಿಸೆಂಬರ್ 5ರ ಹೊತ್ತಿಗೆ ಎಲ್ಲ ಮುಗಿಯಿತು. ಕೋಟೆಯೊಳಗೇ ಕೆಲವರು ಕಂಪನಿಯ ಪಕ್ಷ ವಹಿಸಿ ಮದ್ದಿಗೆ ಸಗಣಿ, ರಾಗಿ ಬೆರೆಸಿದ್ದರೆಂಬ ಕಥೆ ಈ ಸೀಮೆಯ ಲಾವಣಿಗಳಲ್ಲಿ, ನಾಟಕಗಳಲ್ಲಿ ಇಂದಿಗೂ ಜೀವಂತವಾಗಿದೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಮಾತನ್ನು ನಂಬಿ ಒತ್ತೆ ಬಿಟ್ಟುಕೊಟ್ಟದ್ದನ್ನು ರಾಣಿಯ ಮುಗ್ಧತೆ ಎಂದು ಕೆಲವರು ಬರೆದಿದ್ದಾರೆ. ಅದು ಅನ್ಯಾಯದ ಮಾತು. ಬಿಟ್ಟುಕೊಡದಿದ್ದರೂ ದಾಳಿ ಕೆಲವು ವಾರ ಮುಂದೆ ಹೋಗುತ್ತಿತ್ತು ಅಷ್ಟೆ. ಆ ವಾರಗಳಲ್ಲಿ ಬಂದು ಸೇರುವ ಮಿತ್ರರು ಕಿತ್ತೂರಿಗೆ ಯಾರೂ ಇರಲಿಲ್ಲ. ಕೊಲ್ಲಾಪುರವಾಗಲಿ ಪಟವರ್ಧನ ಸಂಸ್ಥಾನಗಳಾಗಲಿ ಕಂಪನಿಯ ಒಪ್ಪಂದಗಳಿಗೆ ಕಟ್ಟುಬಿದ್ದಿದ್ದವು. ಸಮಯ ಸಣ್ಣವನ ಪಕ್ಷದಲ್ಲಿ ನಿಲ್ಲಬೇಕಾದರೆ ಸಮಯದ ಜೊತೆ ಬರುವವರು ಯಾರಾದರೂ ಇರಬೇಕು.

ಬೀಡಿ, ಖಾನಾಪುರ, ನಂದಗಡ

ಕಿತ್ತೂರಿನ ಜನಬಲ ಕಂಪನಿಗೆ ನಿಜವಾಗಿ ಕಂಡದ್ದು ಸಂಸ್ಥಾನ ಬಿದ್ದ ಐದು ವರ್ಷಗಳ ಮೇಲೆ. ಸಂಗೊಳ್ಳಿಯ ರಾಯಣ್ಣ ಶೇತಸನದಿ ಮನೆತನದವನು. ಕಂಪನಿ ಉಂಬಳಿ ಹೊಲಗಳಿಗೆ ಕಂದಾಯ ಹಾಕಿತು, ಹಲವರ ಹೊಲಗಳನ್ನು ಕಿತ್ತುಕೊಂಡಿತು. ಆ ಹೊಲವೇ ಹಳೆಯ ಸೈನ್ಯದ ಸಂಬಳವಾಗಿತ್ತು. ಕಿತ್ತುಕೊಂಡದ್ದು ಸೈನ್ಯವನ್ನು ಚದುರಿಸಲು, ಆದರೆ ಅದೇ ರೋಷ ಸೈನ್ಯವನ್ನು ಮತ್ತೆ ಕೂಡಿಸಿತು. ರಾಯಣ್ಣ ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ಜನರನ್ನು ಒಟ್ಟುಗೂಡಿಸಿದ. 1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು. ಬೆನ್ನುಬೆನ್ನಿಗೆ ನಂದಗಡ, ಖಾನಾಪುರ, ಸಂಪಗಾವಿಗಳ ಮೇಲೆ ದಾಳಿ ನಡೆಯಿತು. ಸುಟ್ಟದ್ದು ಹೆಚ್ಚಾಗಿ ದಫ್ತರಗಳನ್ನು, ಅಂದರೆ ಕಂದಾಯದ ಮತ್ತು ಸಾಲದ ಕಾಗದಗಳನ್ನು. ಹಳ್ಳಿಯವರನ್ನು ಕಟ್ಟಿಹಾಕಿದ್ದ ಹಗ್ಗ ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಖಾನಾಪುರದ ಪಶ್ಚಿಮಕ್ಕೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿದರೆ, ಭೀಮಗಡದ ಕಾಡಿನಿಂದ ಮಹದಾಯಿ ಪಶ್ಚಿಮಕ್ಕೆ ಇಳಿಯುತ್ತದೆ. ಭೀಮಗಡದ ಗಿರಿದುರ್ಗವನ್ನು ಶಿವಾಜಿ ಪೋರ್ಚುಗೀಸರಿಗೆ ಎದುರಾಗಿ ಕಟ್ಟಿಸಿದನೆಂದು ಪ್ರತೀತಿ. 2011ರಿಂದ ಈ ಪ್ರದೇಶ ವನ್ಯಜೀವಿ ಧಾಮವಾಗಿದೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ದಾರಿಯೇ ಇರುವುದಿಲ್ಲ. ತೋಪು ಎಳೆದುಕೊಂಡು ಬರುವ ಸೈನ್ಯಕ್ಕೆ ಇಂಥ ನೆಲ ಶತ್ರು, ದಾರಿ ಬಲ್ಲ ಕೆಲವೇ ಜನರಿಗೆ ಅದು ತಾಯಿ. ರಾಯಣ್ಣನ ಪಡೆಯನ್ನು ಹಿಡಿಯಲು ಕಂಪನಿ ತಿಂಗಳುಗಟ್ಟಲೆ ಅಲೆಯಿತು. ಕೊನೆಗೆ ಅವನನ್ನು ಹಿಡಿದದ್ದು ಸೈನ್ಯವಲ್ಲ, ಒಳಗಿನವರು. ಕೆಲವು ಗೌಡರು ನಂಬಿಸಿ ಜೊತೆಗೂಡಿದರು. 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಸ್ನಾನ ಮಾಡುತ್ತಿದ್ದಾಗ ಅವನನ್ನು ಹಿಡಿದರೆಂದು ಜನಪದ ಹೇಳುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಮಾಧಿಯ ಮೇಲೆ ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಹೇಳುವ ಆಲ ಈಗ ದೊಡ್ಡ ಮರವಾಗಿದೆ. ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಅದರ ಕೊಂಬೆಗಳಿಗೆ ಕಟ್ಟಿದ ಪುಟ್ಟ ತೊಟ್ಟಿಲುಗಳು ಇಂದಿಗೂ ತೂಗಾಡುತ್ತವೆ.

ನಿರೋಧದ ದೃಷ್ಟಿಯಿಂ‌ದ ರಾಯಣ್ಣನ ಹೋರಾಟ ಹೇಳುವುದು ಏನು? ಆಕ್ರಮಿಸಿದ ಮೇಲೆ ಹೊಡೆತ ತಿನ್ನುವುದು ಖಚಿತ ಎಂದು 1824ರಲ್ಲೇ ಕಂಪನಿಗೆ ತಿಳಿದಿದ್ದರೆ ಅದರ ಲೆಕ್ಕ ಬೇರೆಯಾಗಬಹುದಿತ್ತು. 1830ರಲ್ಲಿ ತಿಳಿದಾಗ ಬೆಲೆ ತೆತ್ತಾಗಿತ್ತು, ನೆಲ ಕೈಯಲ್ಲಿತ್ತು. ಗೆರಿಲ್ಲಾ ಹೋರಾಟ ಮಾನ ಉಳಿಸುತ್ತದೆ, ಮುಂದಿನ ಪೀಳಿಗೆಗೆ ಹೆಸರು ಕೊಡುತ್ತದೆ. ತಡೆಯಾಗಿ ಕೆಲಸ ಮಾಡಬೇಕಾದರೆ ಅದರ ಸಿದ್ಧತೆ ಶಾಂತಿಯ ಕಾಲದಲ್ಲೇ ನಡೆದು ನೆರೆಯವನ ಕಣ್ಣಿಗೆ ಬೀಳಬೇಕು. ಕಂಪನಿ ಈ ಪಾಠವನ್ನು ತಿರುಗಾಮುರುಗಾ ಕಲಿಯಿತು: 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆ ತಂದು ಜನರ ಆಯುಧಗಳನ್ನೇ ಕಸಿದುಕೊಂಡಿತು, ಹಲಗಲಿಯ ಬೇಡರು ದಂಗೆ ಎದ್ದದ್ದು ಅದಕ್ಕೆ. ಮರುವರ್ಷ ನರಗುಂದದಲ್ಲಿ ಕಿತ್ತೂರಿನ ಕಥೆಯೇ ಮರುಕಳಿಸಿತು. ದತ್ತಕ ನಿರಾಕರಣೆ, ರಾಜಕೀಯ ಏಜೆಂಟ್ ಮ್ಯಾನ್ಸನ್‌ನ ಕೊಲೆ, ಕೊನೆಗೆ 1858ರ ಜೂನ್ 12ರಂದು ಬೆಳಗಾವಿಯಲ್ಲಿ ನರಗುಂದದ ದೊರೆ ಬಾಬಾಸಾಹೇಬನಿಗೆ ಗಲ್ಲು.

ಗೋವಾ ಗಡಿಯ ತಿರುವುಮುರುವು

ಇದೇ ನೆಲ 1961ರಲ್ಲಿ ಇನ್ನೊಂದು ಬಗೆಯ ನಿರೋಧದ ಸೋಲನ್ನು ಕಂಡಿತು. ಈ ಸಲ ದೊಡ್ಡ ಶಕ್ತಿ ಭಾರತ. ಎದುರಿಗಿದ್ದದ್ದು ಪ್ರಜಾಪ್ರಭುತ್ವವಲ್ಲ, ಸಲಜಾರನ ಸರ್ವಾಧಿಕಾರದಡಿಯ ಪೋರ್ಚುಗಲ್ ನಾಲ್ಕೂವರೆ ಶತಮಾನ ಹಿಡಿದಿಟ್ಟುಕೊಂಡ ವಸಾಹತು. 1955ರಲ್ಲಿ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ್ದರು. ಕಿತ್ತೂರನ್ನೂ ಗೋವಾವನ್ನೂ ಒಂದೇ ತಕ್ಕಡಿಯಲ್ಲಿಡುವುದು ತಪ್ಪು. ತಂತ್ರದ ಪಾಠ ಮಾತ್ರ ಗಮನಿಸಬೇಕಾದದ್ದು. ಪೋರ್ಚುಗಲ್ ನ್ಯಾಟೋ ಸದಸ್ಯತ್ವವನ್ನೂ ಬ್ರಿಟನ್ನಿನ ಜೊತೆಗಿನ ಹಳೆಯ ಒಪ್ಪಂದವನ್ನೂ ನಂಬಿಕೊಂಡಿತ್ತು. ನ್ಯಾಟೋ ಒಪ್ಪಂದದ ವ್ಯಾಪ್ತಿ ಉತ್ತರ ಅಟ್ಲಾಂಟಿಕ್‌ಗೆ ಸೀಮಿತ, ಗೋವಾ ಅದರ ಹೊರಗೆ. ಡಿಸೆಂಬರ್‌ನಲ್ಲಿ ಬೆಳಗಾವಿ ಸುತ್ತ ಹದಿನೇಳನೆಯ ಪದಾತಿ ಡಿವಿಷನ್ ನೆರೆಯಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅದರ ಮುಖ್ಯಸ್ಥರು. ಲೋಂಡಾ ಆಚೆಯ ಅನಮೋಡ ಘಟ್ಟದಿಂದ ಒಂದು ಬ್ರಿಗೇಡ್ ಕೆಳಗಿಳಿಯಿತು. ಕೊನೆಯ ಸೈನಿಕನವರೆಗೂ ಹೋರಾಡಬೇಕೆಂದು ಲಿಸ್ಬನ್ ಆಜ್ಞೆ ಮಾಡಿತ್ತು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವ ತನ್ನ ಸುಮಾರು 3,300 ಸೈನಿಕರೊಂದಿಗೆ ಡಿಸೆಂಬರ್ 19ರಂದು ಶರಣಾದ. ಮಿತ್ರನ ಹೆಸರು ಕಾಗದದಲ್ಲಿದ್ದು ನೆಲದ ಮೇಲೆ ಇಲ್ಲದಿದ್ದರೆ ಯಾರೂ ಹೆದರುವುದಿಲ್ಲ.

ಇಂದಿನ ಪ್ರಜಾಪ್ರಭುತ್ವಗಳು

ಎರಡನೆಯ ಮಹಾಯುದ್ಧದ ನಂತರ ಬಂದ ವಿಶ್ವಸಂಸ್ಥೆಯ ಸನ್ನದು (1945) ಬಲಪ್ರಯೋಗವನ್ನು ನಿಷೇಧಿಸಿ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡಿತು. ಕಿತ್ತೂರಿಗೆ ಇಲ್ಲದಿದ್ದ ನ್ಯಾಯಪೀಠ ಇದರಿಂದ ಸಿಕ್ಕಂತಾಯಿತು. ಆದರೆ ಭದ್ರತಾ ಮಂಡಳಿಯಲ್ಲಿ ವೀಟೋ ಇರುವವನೇ ಆಕ್ರಮಣಕಾರನಾದರೆ ಥ್ಯಾಕರೆಯ ಕಚೇರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 2022ರ ಫೆಬ್ರವರಿ 25ರಂದು ರಷ್ಯಾ ವೀಟೋ ಹಾಕಿತು. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿ ಮತ ಹಾಕಿದವು, 5 ವಿರೋಧಿಸಿದವು, ಭಾರತ ಸೇರಿ 35 ತಟಸ್ಥ ಉಳಿದವು. ಅದರ ಹಿಂದಿನ ದಿನವೇ ಹಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾಗಿದ್ದ. ದೂರದ ದೇಶದ ಯುದ್ಧ ನಮ್ಮದಲ್ಲ ಎಂದು ಅಂದು ಕರ್ನಾಟಕದಲ್ಲಿ ಹೇಳುವುದು ಕಷ್ಟವಾಗಿತ್ತು.

ಉಕ್ರೇನಿನ ಕಥೆ ಕಿತ್ತೂರಿಗೆ ಎಷ್ಟು ಹತ್ತಿರ ಎಂಬುದು ಓದಿದಷ್ಟೂ ಎದ್ದು ಕಾಣುತ್ತದೆ. ಸೋವಿಯತ್ ಒಕ್ಕೂಟ ಒಡೆದಾಗ ಸುಮಾರು 1,900 ದೂರಗಾಮಿ ಅಣ್ವಸ್ತ್ರ ಸಿಡಿತಲೆಗಳು ಉಕ್ರೇನಿನ ನೆಲದಲ್ಲಿ ಉಳಿದಿದ್ದವು. ಹಾರಿಸುವ ನಿಯಂತ್ರಣ ಮಾಸ್ಕೋದಲ್ಲಿತ್ತು ಎಂಬುದು ನಿಜ. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್‌ಗಳು ಅದರ ಗಡಿಗಳನ್ನು ಗೌರವಿಸುವ ಭರವಸೆ ಕೊಟ್ಟು ಸಹಿ ಹಾಕಿದವು. 1996ರ ಹೊತ್ತಿಗೆ ಸಿಡಿತಲೆಗಳೆಲ್ಲ ರಷ್ಯಾಕ್ಕೆ ಹೋದವು. ಭರವಸೆ ಮುರಿದರೆ ಯಾರು ಸೈನ್ಯ ಕಳಿಸಬೇಕು ಎಂಬ ಬಗ್ಗೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. 2014ರಲ್ಲಿ ಕ್ರಿಮಿಯಾ ಹೋಯಿತು, 2022ರ ಫೆಬ್ರವರಿ 24ರಂದು ಪೂರ್ಣ ದಾಳಿ ಬಂತು. ರಾಜಧಾನಿ ಕೀವ್ ಬೇಗ ಬೀಳುತ್ತದೆಂದು ದಾಳಿಕೋರರು ನಂಬಿದ್ದರು. ಅಮೆರಿಕ ತನ್ನ ಗುಪ್ತಚರ ಮಾಹಿತಿಯನ್ನು ತಿಂಗಳುಗಳ ಮುಂಚೆಯೇ ಬಹಿರಂಗ ಮಾಡಿ ಎಚ್ಚರಿಸಿದರೂ, ದಿಗ್ಬಂಧನದ ಬೆದರಿಕೆ ಹಾಕಿದರೂ, ಉಕ್ರೇನಿನ ಜನ ಎಷ್ಟು ಹೋರಾಡುತ್ತಾರೆ ಎಂಬ ಅಂದಾಜು ಮಾಸ್ಕೋದ ಲೆಕ್ಕದಲ್ಲಿ ಇರಲಿಲ್ಲ. ಥ್ಯಾಕರೆಯಂತೆ ಅವರೂ ಕಾಣದ ಬಲವನ್ನು ಇಲ್ಲವೆಂದು ಬಗೆದರು.

ಬಲವನ್ನು ಕಾಣಿಸುವ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದ ದೇಶ ಫಿನ್ಲೆಂಡ್. 1939–40ರ ಚಳಿಗಾಲದ ಯುದ್ಧದಲ್ಲಿ ಅದು ಸೋವಿಯತ್ ಸೈನ್ಯಕ್ಕೆ ಭಾರಿ ನಷ್ಟ ಮಾಡಿಯೂ ತನ್ನ ನೆಲದ ಸುಮಾರು ಹತ್ತರಲ್ಲೊಂದು ಭಾಗ ಕಳೆದುಕೊಂಡಿತು. ಆಮೇಲೆ ಯಾವ ಸೈನಿಕ ಒಕ್ಕೂಟಕ್ಕೂ ಸೇರದೆ ದಶಕಗಟ್ಟಲೆ ಇದ್ದರೂ ಗಂಡುಮಕ್ಕಳಿಗೆ ಸೈನಿಕ ತರಬೇತಿಯನ್ನು ಕೈಬಿಡಲಿಲ್ಲ. ಸುಮಾರು 55 ಲಕ್ಷ ಜನಸಂಖ್ಯೆಯ ದೇಶದಲ್ಲಿ ಯುದ್ಧ ಬಂದರೆ 2,80,000 ಸೈನಿಕರನ್ನು ನಿಲ್ಲಿಸುವ ವ್ಯವಸ್ಥೆ ಇದೆ. ಕಿತ್ತೂರಿನ ಶೇತಸನದಿಗಳಿಗೆ ಲೆಕ್ಕದ ಪುಸ್ತಕ, ವರ್ಷಕ್ಕೊಮ್ಮೆ ಅಭ್ಯಾಸ, ಆಧುನಿಕ ಬಂದೂಕು ಸಿಕ್ಕಿದ್ದರೆ ಹೀಗೇ ಇರುತ್ತಿತ್ತು. ಉಕ್ರೇನ್ ಯುದ್ಧ ಕಂಡ ಫಿನ್ಲೆಂಡ್ 2023ರ ಏಪ್ರಿಲ್ 4ರಂದು ನ್ಯಾಟೋ ಸೇರಿತು. ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾಗಳಲ್ಲಿ 2017ರಿಂದ ಬ್ರಿಟನ್, ಕೆನಡಾ, ಜರ್ಮನಿಗಳ ಮುಂದಾಳುತನದ ಪಡೆಗಳು ನೆಲೆ ನಿಂತಿವೆ. ಅವುಗಳ ಸಂಖ್ಯೆ ದಾಳಿಯನ್ನು ತಡೆಯುವಷ್ಟಿಲ್ಲ. ಆದರೆ ದಾಳಿಯಾದ ಮೊದಲ ದಿನವೇ ಆ ದೇಶಗಳ ಮಕ್ಕಳ ರಕ್ತ ಬೀಳುತ್ತದೆ, ಆಗ ಅವು ದೂರ ನಿಲ್ಲಲಾರವು.

ಅಸ್ಪಷ್ಟತೆಯ ಬೆಲೆಯನ್ನು ಕೊರಿಯಾ ತೆತ್ತಿದೆ. 1950ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ತಮ್ಮ ದೇಶದ ರಕ್ಷಣಾ ರೇಖೆ ವಿವರಿಸುವಾಗ ದಕ್ಷಿಣ ಕೊರಿಯಾವನ್ನು ಅದರೊಳಗೆ ಸೇರಿಸಲಿಲ್ಲ. ಜೂನ್ 25ರಂದು ಉತ್ತರ ಕೊರಿಯಾ ಗಡಿ ದಾಟಿತು. ತೈವಾನ್ ವಿಷಯದಲ್ಲಿ ಅಮೆರಿಕ ಇಂದಿಗೂ ಬೇಕೆಂದೇ ಮಾತನ್ನು ಸ್ವಲ್ಪ ಅಸ್ಪಷ್ಟವಾಗಿ ಇಡುತ್ತದೆ. 1996ರ ಮಾರ್ಚ್‌ನಲ್ಲಿ ತೈವಾನಿನ ಮೊದಲ ನೇರ ಅಧ್ಯಕ್ಷೀಯ ಚುನಾವಣೆಯ ವೇಳೆ ಚೀನಾ ಸುತ್ತಲಿನ ಕಡಲಿಗೆ ಕ್ಷಿಪಣಿ ಹಾರಿಸಿದಾಗ ಅಮೆರಿಕದ ಎರಡು ವಿಮಾನವಾಹಕ ನೌಕಾಪಡೆಗಳು ಬಂದು ನಿಂತವು, ಮತದಾನ ನಡೆಯಿತು.

ಪ್ರಜಾಪ್ರಭುತ್ವಕ್ಕೆ ಈ ವಿಷಯದಲ್ಲಿ ತನ್ನದೇ ತೊಡಕುಗಳಿವೆ. ಸಿದ್ಧತೆಯ ಖರ್ಚಿಗೆ ಮತದಾರನ ಒಪ್ಪಿಗೆ ಬೇಕು, ಗುಟ್ಟು ಉಳಿಯುವುದಿಲ್ಲ, ಪ್ರತಿ ಚುನಾವಣೆಯಲ್ಲೂ ನೀತಿ ಬದಲಾಗಬಹುದು. ನೆರೆಯವನು ಪಕ್ಷಗಳ ಒಡಕಿನಲ್ಲಿ ಕೈಯಾಡಿಸುತ್ತಾನೆ, ಕಿತ್ತೂರಿನಲ್ಲಿ ಕಂಪನಿ ಮಾಡಿದ್ದೂ ಅದನ್ನೇ. ಆದರೆ ಪ್ರಜಾಪ್ರಭುತ್ವಕ್ಕಿರುವ ಒಂದು ಬಲವನ್ನು ಯಾವ ದೇಸಗತಿಯೂ ಪಡೆಯಲಾರದು. ದೊರೆಯನ್ನು ಹಿಡಿದರೆ ರಾಜ್ಯ ಮುಗಿಯುತ್ತದೆ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಬ್ಬ ಅಧ್ಯಕ್ಷ ಹೋದರೆ ಇನ್ನೊಬ್ಬನನ್ನು ಆರಿಸುವ ಹಕ್ಕು ಜನರ ಕೈಯಲ್ಲಿದೆ. ದತ್ತುಪುತ್ರನನ್ನು ಒಪ್ಪುವುದಿಲ್ಲ ಎಂಬ ಒಂದು ಸಹಿಯಿಂದ ಅಂಥ ದೇಶವನ್ನು ಅಳಿಸಲಾಗದು.

ಸಣ್ಣ ಪ್ರಜಾಪ್ರಭುತ್ವದ ಬೆನ್ನಿಗೆ ಮಿತ್ರ ನಿಲ್ಲುವುದಕ್ಕೆ ಭಾರತದ ನೆರೆಯಲ್ಲಿ ಹತ್ತಿರದ ನಿದರ್ಶನ ಭೂತಾನ್. 2008ರಲ್ಲಿ ಚುನಾಯಿತ ಸರ್ಕಾರಕ್ಕೆ ಅಧಿಕಾರ ಕೊಟ್ಟ ಈ ಪುಟ್ಟ ರಾಜ್ಯ ಚೀನಾದೊಡನೆ ಗಡಿ ಹಂಚಿಕೊಂಡಿದೆ. ಭಾರತದೊಡನೆ 1949ರಲ್ಲಿ ಮಾಡಿಕೊಂಡ ಒಪ್ಪಂದವನ್ನು 2007ರಲ್ಲಿ ಪರಿಷ್ಕರಿಸಿಕೊಂಡಿದೆ. 2017ರ ಜೂನ್‌ನಲ್ಲಿ ಭೂತಾನ್ ತನ್ನದೆನ್ನುವ ದೋಕ್ಲಾಮ್ ಪ್ರಸ್ಥಭೂಮಿಯಲ್ಲಿ ಚೀನಾ ರಸ್ತೆ ಕಟ್ಟಲು ಮುಂದಾದಾಗ ಭಾರತದ ಸೈನಿಕರು ಬಂದು ಅಡ್ಡ ನಿಂತರು. ಗುಂಡು ಹಾರಲಿಲ್ಲ. ಆಗಸ್ಟ್ 28ರಂದು ಎರಡೂ ಕಡೆಯವರು ಎದುರುಬದುರಿನ ಜಾಗದಿಂದ ಹಿಂದೆ ಸರಿದರು. ಇದು ನಿರೋಧದ ಯಶಸ್ಸೇ ಹೌದು, ಆ ಒಂದು ರಸ್ತೆಯ ಮಟ್ಟಿಗೆ. ಚೀನಾ ಅದೇ ಪ್ರಸ್ಥಭೂಮಿಯ ಬೇರೆ ಭಾಗಗಳಲ್ಲಿ ನೆಲೆ ಬಲಪಡಿಸಿಕೊಂಡಿತು. 2020ರ ನವೆಂಬರಿನಲ್ಲಿ, ಭೂತಾನ್ ತನ್ನದೆನ್ನುವ ನೆಲದ ಅಂಚಿನಲ್ಲಿ ಎದ್ದ ಪಾಂಗ್ಡಾ ಎಂಬ ಹೊಸ ಹಳ್ಳಿಯ ಚಿತ್ರಗಳು ಹೊರಬಂದವು. ಭೂತಾನ್ ಮತ್ತು ಚೀನಾ ನಡುವಿನ ಗಡಿ ಮಾತುಕತೆ ಮುಂದುವರಿದಿದೆ.